ಸುಧಾಮ ವಿಲಾಸದ ಎರಡು ಸಾಂಬಾರು

ಮೈಸೂರಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಸುಧಾಮ ವಿಲಾಸ ಅಂತ ಒಂದು ಹೋಟೆಲಿತ್ತು. ಹೊರಗೆ ಒಂದೇ ಬೋರ್ಡು, ಒಳಗೆ ಒಂದೇ ಅಡುಗೆಮನೆ, ಆದರೆ ಸಾಂಬಾರಿನ ಹಂಡೆ ಮಾತ್ರ ಎರಡು. ಒಂದರಲ್ಲಿ ಬೇಳೆ, ಸಣ್ಣ ಈರುಳ್ಳಿ, ಹುರಿದು ರುಬ್ಬಿದ ಮಸಾಲೆ ಎಲ್ಲ ಲೆಕ್ಕವಾಗಿ ಇರುತ್ತಿದ್ದವು. ಇನ್ನೊಂದರಲ್ಲಿ ಹಿಂದಿನ ಸಾಂಬಾರಿನ ತಳ, ಅದರ ಮೇಲೆ ಬಿಸಿನೀರು, ಬಣ್ಣಕ್ಕೆ ಒಂದಿಷ್ಟು ಮೆಣಸಿನಪುಡಿ. ಹೀಗೆ ಎರಡು ಹಂಡೆ ಇದೆ ಅನ್ನುವುದು ಒಬ್ಬ ಗಿರಾಕಿಗೂ ಗೊತ್ತಿರಲಿಲ್ಲ. ಯಾರಿಗೆ ಯಾವುದು ಅಂತ ತೀರ್ಮಾನ ಮಾಡುತ್ತಿದ್ದವರು ಸಪ್ಲೈಯರುಗಳು.

ಅದಕ್ಕೊಂದು ಪದ್ಧತಿ ಇತ್ತು. ಗಿರಾಕಿ ಕೂತು ತಿಂಡಿ ಹೇಳಿದ ಕೂಡಲೇ ಸಪ್ಲೈಯರು ಅಡುಗೆಮನೆಯ ಕಡೆ ತಿರುಗಿ ರಾಗವಾಗಿ ಕೂಗುತ್ತಿದ್ದ, ಕೂಗಿನ ಬಾಲಕ್ಕೆ ಒಂದು ಮಾತು ಅಂಟಿಸುತ್ತಿದ್ದ. ಸುತ್ತಲಿನ ಹಳ್ಳಿಗಳಿಂದ ಬಂದವರಾದರೆ "ಡಿಪೋ". ಊರಿನವರಾದರೆ "ಬಾಲ್ಕನಿ". ಡಿಪೋ ಅಂತ ಕಿವಿಗೆ ಬಿದ್ದರೆ ಅಡುಗೆಯ ಸುಬ್ರಾಯನ ಸೌಟು ನೀರು ಸಾಂಬಾರಿನ ಹಂಡೆಗೆ ಇಳಿಯುತ್ತಿತ್ತು. ತಟ್ಟೆಗೆ ಬೆಳಗ್ಗೆಯ ಗಟ್ಟಿ ಇಡ್ಲಿ ಬೀಳುತ್ತಿತ್ತು. ಚಟ್ನಿ ಎರಡನೇ ಸಲ ಸಿಗುತ್ತಿರಲಿಲ್ಲ.

ಈ ಹೆಸರು ಹುಟ್ಟಿಸಿದವನು ಶೇಷಾದ್ರಿ. ಅವನು ಊರಿನಲ್ಲೇ ಹುಟ್ಟಿ ಬೆಳೆದವನು, ಹಾಲ್ ಮೇಸ್ತ್ರಿ. ಅಂದರೆ ಸಪ್ಲೈಯರುಗಳಿಗೆಲ್ಲ ಮೇಲಿನವನು. "ಬಸ್ಸಿಂದ ಇಳೀತಾರೆ, ತಿಂದ್ಕೊಂಡು ಬಸ್ಸಿಗೇ ಹೋಗ್ತಾರೆ. ನಾಳೆ ಬರಲ್ಲ. ಬಂದ್ರೂ ಕೇಳೋಕೆ ಬಾಯಿರಲ್ಲ. ಡಿಪೋ ಗಿರಾಕಿಗಳು," ಅಂತ ಅವನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ದಿನಾ ಬರುವ ಊರಿನ ಗಿರಾಕಿಗಳಿಗೂ ಆ ಮಾತು ಎಷ್ಟು ಹಿಡಿಸಿತೆಂದರೆ, ಅದನ್ನು ಮನೆಗೆ, ಆಫೀಸಿಗೆ, ಕ್ಲಬ್ಬಿಗೆ ಎಲ್ಲ ಕಡೆ ಕೊಂಡುಹೋದರು. ರಸ್ತೆಯಲ್ಲಿ ಯಾರಾದರೂ ದಾರಿ ಕೇಳುತ್ತಾ ನಿಂತರೂ ಡಿಪೋ. ಸಿಗ್ನಲ್ಲಿನಲ್ಲಿ ಗಲಿಬಿಲಿಯಾದರೂ ಡಿಪೋ.

ಈ ಹೋಟೆಲಿಗೆ ಗುರುಮಲ್ಲ ಸೇರಿದ. ಅವನು ನರಸೀಪುರದ ಕಡೆಯ ಮಾರೇಹುಂಡಿಯವನು. ಚಿಕ್ಕಂದಿನಲ್ಲೇ ತಾಯಿ ಹೋದಮೇಲೆ ಸೋದರತ್ತೆ ದೊಡ್ಡತಾಯಮ್ಮ ಅವನನ್ನು ಮಡಿಲಿಗೆ ಹಾಕಿಕೊಂಡು ಸಾಕಿದ್ದಳು. ಸುಧಾಮ ವಿಲಾಸಕ್ಕೆ ಬರುವ ಮೊದಲು ಎರಡು ಹೋಟೆಲಿನವರು ಅವನನ್ನು "ನಿನ್ನ ಮಾತು ಸರಿಯಿಲ್ಲಪ್ಪ, ಗಿರಾಕಿಗಳು ನಗ್ತಾರೆ" ಅಂತ ಕಳಿಸಿಬಿಟ್ಟಿದ್ದರು. ಇಲ್ಲಿಯೂ ಮೊದಲ ದಿನ "ಆಲು ತತ್ತೀನಿ ಸಾ" ಅಂದು ಕೂತವರನ್ನೆಲ್ಲ ನಗಿಸಿದ್ದ. ಅವತ್ತೇ ಪಾತ್ರೆ ತೊಳೆಯುವ ಮೂಲೆಯಲ್ಲಿ ನಿಂತು ಹಲ್ಲು ಕಚ್ಚಿಕೊಂಡು ಒಂದು ಶಪಥ ಮಾಡಿದ: ಇದೇ ಹೋಟೆಲಿನಲ್ಲಿ ನಾನು ಹಾಲ್ ಮೇಸ್ತ್ರಿ ಆಗಬೇಕು. ನನ್ನ ಬಾಯಿಂದ ಬಂದ ಮಾತಿಗೆ ಇನ್ನೊಬ್ಬ ನಗಬಾರದು.

ಛಲಗಾರ ಅಂದರೆ ಛಲಗಾರ. ಗಿರಾಕಿಗಳು ಆಡುವುದನ್ನು ಕೇಳಿ ಕೇಳಿ ಬಾಯಲ್ಲಿ ಹೊರಳಿಸಿದ. ನಾಲಿಗೆಯನ್ನು ತಿದ್ದಿದ. ಕ್ರಾಪು ತಿದ್ದಿದ. "ಸಖತ್", "ಬಿಡು ಗುರು", "ಏನ್ ಸೀನು" ಎಲ್ಲ ಸಲೀಸಾಗಿ ಉದುರತೊಡಗಿದವು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಬೇಕಿರಲಿಲ್ಲ. ಮಾತು ಕಲಿಯುವುದರಲ್ಲಿ ತಪ್ಪೇನಿದೆ? ಆದರೆ ಮಾತಿನ ಜೊತೆ ನಗುವನ್ನೂ ಕಲಿತ. ಡಿಪೋ ಅಂತ ಅವನಷ್ಟು ಜೋರಾಗಿ, ಅವನಷ್ಟು ರಾಗವಾಗಿ ಕೂಗುವವರು ಆ ಹೋಟೆಲಿನಲ್ಲಿ ಇನ್ನೊಬ್ಬರಿರಲಿಲ್ಲ. ಯಾಕೆ ಅಂತ ಬೇರೆ ಹೇಳಬೇಕೆ? ಹಾಗೆ ಕೂಗುವವನನ್ನು ಯಾರೂ ಡಿಪೋ ಅನ್ನುವುದಿಲ್ಲವಲ್ಲ.

ಇನ್ನು ಬಾಲ್ಕನಿ ಅನ್ನುವುದು ಒಳಗಿನ ಹುಡುಗರು ಹುಟ್ಟಿಸಿದ್ದು. ಅವರೆಲ್ಲ ಹಳ್ಳಿಗಳಿಂದ ಬಂದವರೇ. ಶೇಷಾದ್ರಿ ತಮ್ಮವರಿಗೆ ಹೆಸರಿಟ್ಟದ್ದಕ್ಕೆ ಅವರು ಊರಿನವರಿಗೊಂದು ಇಟ್ಟರು, ಅದರ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡರು. ಊರಿನ ಗಿರಾಕಿಗಳು ಅದೇನೋ ಮರ್ಯಾದೆಯ ಮಾತು ಅಂದುಕೊಂಡು ಮೀಸೆಯಡಿ ನಗುತ್ತಿದ್ದರು. ಅದು ಎಂಥ ಮರ್ಯಾದೆ ಅಂತ ಮುಂದೆ ತಿಳಿಯುತ್ತದೆ.

ಶೇಷಾದ್ರಿ ಹೊಸ ಕೆಲಸ ಹಿಡಿದು ಹೊರಡುವವನಿದ್ದ. ಮಾಲೀಕ ಪದ್ಮನಾಭಯ್ಯ ಗಲ್ಲಾದ ಹಿಂದಿನಿಂದ ಗುರುಮಲ್ಲನನ್ನು ಕರೆದು, "ತಿಂಗಳು ಕಳೀಲಿ, ಮೇಸ್ತ್ರಿ ಕೆಲಸ ನಿನಗೇ. ಮಾತಾಡೋದು ಕಲಿತಿದೀಯ," ಅಂದರು. ಗುರುಮಲ್ಲನಿಗೆ ನೆಲವೇ ಕಾಣಲಿಲ್ಲ. ಅತ್ತೆಗೆ ಫೋನು ಮಾಡಿ ಹೇಳಿದ.

ಅತ್ತೆ ಸುಮ್ಮನಿರುತ್ತಾಳೆಯೇ? ಕೇರಿಯ ಹೆಂಗಸರಿಗೆಲ್ಲ ಸಾರಿಬಿಟ್ಟಳು. ಆ ಭಾನುವಾರ ಅವರನ್ನು ಮೃಗಾಲಯ ತೋರಿಸುತ್ತೇನೆ ಅಂತ ಹೊರಡಿಸಿಕೊಂಡು ಬಂದಳು. ಆನೆ, ಜಿರಾಫೆ ಎಲ್ಲ ನೆಪ. ಅವಳಿಗೆ ತೋರಿಸಬೇಕಾಗಿದ್ದದ್ದು ಬೇರೆ ಇತ್ತು.

ಭಾನುವಾರ ಮಧ್ಯಾಹ್ನ ಸುಧಾಮ ವಿಲಾಸದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗುರುಮಲ್ಲ ತೋಳಿನ ಮೇಲೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಓಡಾಡುತ್ತಿದ್ದ. ಇಂಥ ಹೊತ್ತಿನಲ್ಲಿ ಗಿರಾಕಿಯ ಮುಖ ಯಾರು ನೋಡುತ್ತಾರೆ? "ಮುಖ ನೋಡಬೇಡ ಗುರು, ಮುಖ ಮೋಸ ಮಾಡತ್ತೆ. ಕಾಲು ನೋಡು, ಚೀಲ ನೋಡು," ಅಂತ ಶೇಷಾದ್ರಿಯೇ ಕಲಿಸಿದ್ದ. ಹಿಂದಿನ ಹಾಲಿನಲ್ಲಿ, ಕೈ ತೊಳೆಯುವ ತೊಟ್ಟಿಯ ಪಕ್ಕದ ಟೇಬಲ್ಲಿಗೆ ಯಾರೋ ಬಂದು ಕೂತರು. ಗುರುಮಲ್ಲ ಪಕ್ಕದ ಟೇಬಲ್ಲು ಒರೆಸುತ್ತಾ ಕಣ್ಣಂಚಿನಲ್ಲೇ ನೋಡಿದ. ಆರು ಜೊತೆ ಧೂಳು ಹಿಡಿದ ಹಿಮ್ಮಡಿಗಳು. ಹವಾಯಿ ಚಪ್ಪಲಿ. ಎರಡು ವೈರು ಬುಟ್ಟಿ. "ಎಲ್ರುಗೂ ಇಡ್ಲಿ" ಅಂತ ಯಾರೋ ಮೆಲ್ಲಗೆ ಅಂದರು. ಅವನು ತಲೆಯೆತ್ತದೆ ಕೂಗಿದ:

"ಆರು ಪ್ಲೇಟ್ ಇಡ್ಲೀಈಈ... ಡಿಪೋ!"

ಕೂಗಿ ಮುಗಿಸಿ ತಲೆಯೆತ್ತಿದರೆ ಎದುರಿಗೆ ದೊಡ್ಡತಾಯಮ್ಮ. ಮುಖದ ತುಂಬ ಹಿಗ್ಗು.

"ನೋಡುದ್ರವ್ವಾ? ಇವ್ನೇ ಕನೆ ನಮ್ ಗುರುಮಲ್ಲ! ಎಂಗ್ ಕೂಗ್ದ ನೋಡುದ್ರಾ? ನಾಕ್ ಬೀದಿಗೆ ಕೇಳ್ಸತ್ತೆ!"

ಗುರುಮಲ್ಲ ಅಡುಗೆಮನೆಯ ಕಡೆ ತಿರುಗಿದ. ಕೂಗನ್ನು ವಾಪಸು ಪಡೆಯುವುದು ಹೇಗೆ? ಅಷ್ಟರಲ್ಲಿ ಶೇಷಾದ್ರಿ ತಾನೇ ಒಳಗಿನಿಂದ ಆರು ತಟ್ಟೆ ತಂದು ಟಕಟಕನೆ ಇಟ್ಟುಹೋದ. ಅಂಚು ಒಣಗಿದ ಇಡ್ಲಿ. ಬಟ್ಟಲಿನ ತಳ ಕಾಣಿಸುವ ಸಾಂಬಾರು.

ಅತ್ತೆಯ ಪಕ್ಕದಲ್ಲಿದ್ದ ಪುಟ್ಟನಂಜಮ್ಮ ಕೇಳಿದಳು, "ಅದೇನಪ್ಪ ಕಡೇಲಿ ಡಿಪ್ಪೋ ಅಂದ್ಯಲ್ಲ, ಅಂಗಂದ್ರೇನು?"

ಅವಳು ಕೇಳಿದ್ದರಲ್ಲಿ ಯಾವ ಕೊಂಕೂ ಇರಲಿಲ್ಲ. ಗುರುಮಲ್ಲ ಮಾತ್ರ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬೇರೆ ಕಡೆ ನೋಡಿದ. "ಅದಾ... ಅದು ನಮ್ಮವರು ಬಂದವ್ರೆ ಅಂತ. ಬೇಕಾದವರು ಬಂದ್ರೆ ಹಂಗೆ ಕೂಗ್ತೀವಿ," ಅಂದುಬಿಟ್ಟ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಂಭ್ರಮಪಟ್ಟರು. ದೊಡ್ಡತಾಯಮ್ಮ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ಅದ್ದಿ ತಿಂದಳು. "ವಸಿ ತೆಳ್ಳುಗದೆ, ಪ್ಯಾಟೆಯೋರು ಇಂಗೇ ಉಣ್ಣದು ಕನೆ, ಮೈಗೆ ಒಳ್ಳೇದು," ಅಂತ ಬೇರೆಯವರಿಗೆ ಸಮಾಧಾನ ಹೇಳಿದಳು. ಬಟ್ಟಲಲ್ಲಿ ಒಂದು ತೊಟ್ಟೂ ಉಳಿಸಲಿಲ್ಲ. ಗುರುಮಲ್ಲ ಅಲ್ಲಿ ನಿಲ್ಲಲಾರದೆ ಮುಂದಿನ ಹಾಲಿನ ಟೇಬಲ್ಲಿಗೆ ಓಡಿದ.

ತಿಂದಾದ ಮೇಲೆ ಹೆಂಗಸರು ಹೊರಟರು. ಗಲ್ಲಾ ಇದ್ದದ್ದು ಮುಂದಿನ ಹಾಲಿನಲ್ಲಿ. ಅಲ್ಲಿ ಊರಿನ ಖಾಯಂ ಗಿರಾಕಿಗಳು ಫ್ಯಾನಿನ ಕೆಳಗೆ ಕಾಲು ಚಾಚಿಕೊಂಡು ಕೂತಿದ್ದರು. ಪದ್ಮನಾಭಯ್ಯನವರು ಮಾಮೂಲಿನಂತೆ ತಲೆಯೆತ್ತದೆ ದುಡ್ಡಿಗೆ ಕೈ ಚಾಚಿದರು. ದೊಡ್ಡತಾಯಮ್ಮ ಸೆರಗು ಸರಿಮಾಡಿಕೊಂಡು, ಎದೆಯುಬ್ಬಿಸಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

"ನಾವು ಡಿಪ್ಪೋದೋರು ಸ್ವಾಮಿ!"

ಮುಂದಿನ ಹಾಲಿನವರೆಲ್ಲ ಹೋ ಅಂತ ನಕ್ಕರು. ಶೇಷಾದ್ರಿ ಕಂಬ ಹಿಡಿದುಕೊಂಡ. ದಿನಾ ಕಿಟಕಿ ಪಕ್ಕದಲ್ಲಿ ಕೂರುವ ಜಯಸಿಂಹ ಅನ್ನುವ ರಿಟೈರಾದ ಆಫೀಸರು ಕಾಫಿ ನೆತ್ತಿಗೇರಿ ಕೆಮ್ಮಿದರು. ಕೆಮ್ಮುತ್ತಲೇ, "ಆಹಾ, ತಾವೇ ಒಪ್ಪಿಕೊಂಡರಲ್ಲಪ್ಪ!" ಅಂದರು. ದೊಡ್ಡತಾಯಮ್ಮನಿಗೆ ಏನೂ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ, ಸಂತೋಷಕ್ಕೇ ಇರಬೇಕು ಅಂದುಕೊಂಡು ಅವಳೂ ನಕ್ಕಳು.

ಅವಳು ನಕ್ಕದ್ದನ್ನು ಗುರುಮಲ್ಲ ನೋಡಿದ. ಅಷ್ಟು ದಿನ ಕೂಗಿದ ಕೂಗೆಲ್ಲ ಆ ಒಂದು ನಗುವಿನಲ್ಲಿ ಅವನಿಗೆ ವಾಪಸು ಬಂತು.

ಈಗ ಅವನ ಮುಂದೆ ಇದ್ದದ್ದು ಎರಡೇ ದಾರಿ. ಸುಮ್ಮನಿದ್ದರೆ ಅತ್ತೆ ಖುಷಿಯಾಗಿ ಬಸ್ಸು ಹತ್ತುತ್ತಾಳೆ. ಊರಿಗೆ ಹೋಗಿ ನಮ್ಮ ಗುರುಮಲ್ಲನ ಹೋಟೆಲಿನಲ್ಲಿ ನಮ್ಮನ್ನು ಡಿಪೋದವರು ಅಂತಾರೆ ಅಂತ ಸಾರುತ್ತಾಳೆ. ತಿಂಗಳು ಕಳೆದರೆ ಮೇಸ್ತ್ರಿ ಕೆಲಸ ಕೈಗೆ ಬರುತ್ತದೆ. ಯಾರಿಗೂ ನೋವಿಲ್ಲ, ಯಾರಿಗೂ ನಷ್ಟವಿಲ್ಲ. ಇಲ್ಲವಾದರೆ ಬಾಯಿ ಬಿಡಬೇಕು. ಬಿಟ್ಟರೆ ಕೆಲಸ ಹೋಗುತ್ತದೆ, ಅತ್ತೆಯ ಮುಖದ ಹಿಗ್ಗೂ ಹೋಗುತ್ತದೆ. ಜಾಣನಾದವನು ಸುಮ್ಮನಿರುತ್ತಿದ್ದ. ಗುರುಮಲ್ಲ ಹೆಗಲ ಮೇಲಿನ ಬಟ್ಟೆ ತೆಗೆದು ಟೇಬಲ್ಲಿನ ಮೇಲೆ ಹಾಕಿದ. ಹಾಲಿನ ನಡುವೆ ಬಂದು ನಿಂತ.

"ಅತ್ತೆ, ನಿಂತ್ಕ," ಅಂದ. ಎಷ್ಟೋ ಕಾಲದ ಮೇಲೆ ಅವನ ಸ್ವಂತ ಮಾತು ಆ ಹಾಲಿನಲ್ಲಿ ಬಾಯಿಗೆ ಬಂದಿತ್ತು. "ನಾನ್ ಸುಳ್ಳೇಳ್ದೆ. ಡಿಪೋ ಅಂದ್ರೆ ನಮ್ಮೋರು ಅಂತ ಅಲ್ಲ."

ನಗು ಅಲ್ಲಲ್ಲೇ ನಿಂತಿತು.

"ಮತ್ತಿನ್ನೇನ್ಲಾ?"

"ಬಸ್ಸಿಂದ ಇಳ್ದು ಬಂದ ಹಳ್ಳಿಯೋರು. ಏನ್ ಕೊಟ್ರೂ ತಿಂತಾರೆ, ಕೇಳೋಕೆ ಬಾಯಿಲ್ಲ ಅಂತ. ಅಂಗೆ ಕೂಗುದ್ರೆ ಒಳಗೆ ನೀರ್ ಸಾಂಬಾರಿನ ಹಂಡೆಗೆ ಸೌಟಾಕ್ತಾರೆ. ಇಲ್ಲಿ ಎರಡು ಹಂಡೆ ಅದೆ ಅತ್ತೆ. ನೀನು ಉಂಡಿದ್ದು ಎರಡನೇದು."

ದೊಡ್ಡತಾಯಮ್ಮ ಒಮ್ಮೆ ಹಾಲಿನಲ್ಲಿದ್ದ ಮುಖಗಳನ್ನೆಲ್ಲ ನೋಡಿದಳು. ಅವರು ಯಾಕೆ ನಕ್ಕರು ಅಂತ ಅವಳಿಗೆ ಈಗ ಗೊತ್ತಾಯಿತು. ತಾನೂ ಅವರ ಜೊತೆ ನಕ್ಕದ್ದು ನೆನಪಾಗಿ ಕಿವಿಯವರೆಗೂ ಬಿಸಿಯಾಯಿತು. ಆದರೆ ಅಳುವ ಹೆಂಗಸಲ್ಲ ಅವಳು.

"ಕೂಗ್ದೋನು ನೀನೇ ಅಲ್ವಾ?" ಅಂದಳು.

"ನಾನೇ."

"ನನ್ನ ನೋಡಿ ಕೂಗ್ದಾ?"

"ನಿನ್ನ ಕಾಲು ನೋಡಿ ಕೂಗ್ದೆ. ಮಕ ನೋಡ್ನಿಲ್ಲ."

ದೊಡ್ಡತಾಯಮ್ಮ ತನ್ನ ಕಾಲು ನೋಡಿಕೊಂಡಳು. ಆಗ ಜಯಸಿಂಹರು ನಡುವೆ ಬಾಯಿ ಹಾಕಿದರು. "ಏನಯ್ಯಾ ಇದು, ಒಂದು ತಮಾಷೆ ಮಾತನ್ನ ಇಷ್ಟು ದೊಡ್ಡದು ಮಾಡ್ತಾ ಇದೀಯ! ಆಡೋ ಮಾತಿಗೆಲ್ಲ ಅರ್ಥ ಹಿಡೀತಾ ಕೂತ್ರೆ ಊರಲ್ಲಿ ಯಾರೂ ನಗೋ ಹಾಗೇ ಇಲ್ಲ."

"ತಮಾಷೆ ಮಾತಾ ಸಾರ್? ಸರಿ ಹಾಗಾದ್ರೆ," ಅಂದ ಗುರುಮಲ್ಲ. ಅವನ ದನಿ ಏರಲಿಲ್ಲ. "ನಿಮಗೂ ಒಂದು ಹೆಸರಿದೆ. ದಿನಾ ನಾನೇ ಕೂಗ್ತೀನಿ, ನೀವೇ ಕೇಳ್ತೀರ. ಬಾಲ್ಕನಿ. ಅದರ ಅರ್ಥಾನೂ ಹೇಳಿಬಿಡ್ಲಾ?"

"ಹೇಳಪ್ಪ. ಅದರಲ್ಲೇನಿದೆ?" ಅಂದರು ಜಯಸಿಂಹರು. ಆದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಎತ್ತರದಲ್ಲಿ ಕೂತು ಎಲ್ಲರನ್ನೂ ಕೆಳಗೆ ನೋಡೋರು. ಕಾಫಿ ರುಚಿ ಗೊತ್ತಿಲ್ಲ, ಮೇಲೆ ನೊರೆ ಇದ್ರೆ ಸಾಕು ಅನ್ನೋರು. ಬಾಲ್ಕನಿ ಅಂತ ಕೂಗಿದ್ರೆ ಒಳಗೆ ಹಿಂಡಿದ ಪುಡಿಗೇ ಇನ್ನೊಂದು ಸಲ ನೀರು ಹಾಕಿ ಇಳಿಸಿದ ಡಿಕಾಕ್ಷನ್ ಬೆರೆಸ್ತಾರೆ. ಎತ್ತರದಿಂದ ಹುಯ್ದು ನೊರೆ ಎಬ್ಬಿಸ್ತಾರೆ. ಒಳಗೆ ಹುಡುಗರೆಲ್ಲ ನಗ್ತಾರೆ. ನಾನೂ ನಕ್ಕಿದೀನಿ. ಇಷ್ಟು ದಿನ ನೀವು ಕುಡಿದಿದ್ದು ಅದೇ ಸಾರ್."

ಮುಂದಿನ ಹಾಲಿನಲ್ಲಿ ಒಬ್ಬರಿಗೂ ನಗು ಬರಲಿಲ್ಲ. ಎಲ್ಲರ ಕಣ್ಣೂ ತಮ್ಮ ತಮ್ಮ ಲೋಟಕ್ಕೆ ಇಳಿಯಿತು. ಜಯಸಿಂಹರು ಬೆರಳಿನಿಂದ ನೊರೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಇಣುಕಿದರು. ಅವರ ಮುಖ ಚಿಕ್ಕದಾಯಿತು. "ನಮ್ಮನ್ನೂ ಹೀಗೆ..." ಅಂದವರು ಮಾತು ಮುಗಿಸಲಿಲ್ಲ. ಯಾಕೆಂದರೆ ಆ 'ನಮ್ಮನ್ನೂ' ಅನ್ನುವ ಮಾತು ಬಾಯಿಂದ ಹೊರಬಂದ ಮೇಲೆ ಎದುರಿಗೆ ನಿಂತ ಆರು ಹೆಂಗಸರನ್ನು ನೋಡದೆ ಇರುವುದು ಅವರಿಗೆ ಸಾಧ್ಯವಾಗಲಿಲ್ಲ.

ಪದ್ಮನಾಭಯ್ಯ ಗಲ್ಲಾದಿಂದ ಎದ್ದು ನಿಂತಿದ್ದರು. "ಏಯ್ ಗುರುಮಲ್ಲ! ಅನ್ನ ಕೊಟ್ಟ ಮನೆಯ ಮಾನ ಬೀದಿಗೆ ಹಾಕ್ತೀಯಾ? ಮೇಸ್ತ್ರಿ ಕೆಲಸ ಮರೆತುಬಿಡು. ಇನ್ನೊಂದು ಮಾತಾಡಿದ್ರೆ ಈ ಕೆಲಸಾನೂ ಇಲ್ಲ!"

"ಮಾತಾಡೋದು ಮುಗೀತು ಬುದ್ಧಿ," ಅಂದ ಗುರುಮಲ್ಲ. "ಕೆಲಸದಿಂದ ತೆಗೀರಿ, ಹೋಗ್ತೀನಿ. ಇಟ್ಕೊಂಡ್ರೆ ಇರ್ತೀನಿ. ಆದರೆ ಆ ಎರಡು ಮಾತನ್ನ ಮಾತ್ರ ಈ ಬಾಯಲ್ಲಿ ಇನ್ನು ಕೂಗಲ್ಲ."

ಆಗ ದೊಡ್ಡತಾಯಮ್ಮ ವೈರು ಬುಟ್ಟಿಯನ್ನು ನೆಲದ ಮೇಲಿಟ್ಟಳು. ಮುಂದಿನ ಹಾಲಿನಲ್ಲೇ, ಫ್ಯಾನಿನ ಕೆಳಗೆ, ಆಗ ತಾನೇ ಖಾಲಿಯಾದ ಟೇಬಲ್ಲಿನ ಮುಂದೆ ಹೋಗಿ ಕೂತಳು.

"ಬನ್ರವ್ವ, ಕೂತ್ಕಳಿ," ಅಂತ ಉಳಿದವರನ್ನೂ ಕರೆದು ಕೂರಿಸಿದಳು. ಆಮೇಲೆ ಗುರುಮಲ್ಲನ ಕಡೆ ತಿರುಗಿದಳು. "ಈಗ ಕೂಗ್ಲಾ. ಮಕ ನೋಡಿ ಕೂಗು. ಏನಂತ ಕೂಗೀಯೆ, ಕೇಳವ."

ಗುರುಮಲ್ಲ ಆರು ಜನರ ಮುಖವನ್ನೂ ಒಂದೊಂದಾಗಿ ನೋಡಿದ. ಬೆಳಗ್ಗೆಯೇ ಊರು ಬಿಟ್ಟ ಮುಖಗಳು. ಬಿಸಿಲಲ್ಲಿ ತಿರುಗಿ ಬಾಡಿದ ಮುಖಗಳು. ಅಡುಗೆಮನೆಯ ಕಡೆ ತಿರುಗಿ, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದ:

"ಆರು ಪ್ಲೇಟ್ ಇಡ್ಲಿ!"

ಒಳಗೆ ಸುಬ್ರಾಯ ಸೌಟು ಎತ್ತಿಕೊಂಡು ಕಾದ. ಬಾಲ ಬರಲಿಲ್ಲ. ಎರಡು ಹಂಡೆಗಳ ನಡುವೆ ಸೌಟು ಹಾಗೇ ನಿಂತಿತು. ಅವನು ಕಿಂಡಿಯಿಂದ ತಲೆ ಹೊರಹಾಕಿದ. "ಆರು ಇಡ್ಲಿ... ಮುಂದೆ ಎಂತ ಮಾರಾಯಾ? ಡಿಪೋವಾ, ಬಾಲ್ಕನಿಯಾ?"

"ಮುಂದೆ ಏನೂ ಇಲ್ಲ. ಆರು ಜನ. ಹಸಿದು ಬಂದಿದಾರೆ. ಅಷ್ಟೇ."

ಸುಬ್ರಾಯ ಕಿಂಡಿಯಿಂದ ತಲೆ ಒಳಕ್ಕೆಳೆದುಕೊಂಡ. ಹೆಸರು ಹೇಳದೆ ಹೋದರೆ ನೀರು ಸಾಂಬಾರು ಬಡಿಸಲು ಯಾರಿಗಾದರೂ ಕೈ ಬರುತ್ತದೆಯೇ? ಸೌಟು ಒಳ್ಳೆಯ ಹಂಡೆಗೆ ಇಳಿಯಿತು. ಗುರುಮಲ್ಲ ತಟ್ಟೆಗಳನ್ನು ತಾನೇ ತಂದಿಟ್ಟ. ಪದ್ಮನಾಭಯ್ಯ ಬಾಯಿ ತೆರೆದರು, ಹಾಲಿನಲ್ಲಿದ್ದ ಗಿರಾಕಿಗಳ ಮುಖ ನೋಡಿ ಮುಚ್ಚಿಕೊಂಡರು.

ಹೆಂಗಸರು ತಿಂದು ಮುಗಿಸಿದರು. ಕೈ ತೊಳೆದುಕೊಂಡು ಬಂದ ದೊಡ್ಡತಾಯಮ್ಮನನ್ನು ಗುರುಮಲ್ಲ ಬಾಗಿಲವರೆಗೆ ಕಳಿಸಿಕೊಡಲು ಹೋದ. "ಈಗಿನ ಸಾಂಬಾರು ಚೆನ್ನಾಗಿತ್ತಾ ಅತ್ತೆ?" ಅಂತ ತಲೆ ತಗ್ಗಿಸಿಕೊಂಡೇ ಕೇಳಿದ.

"ಚೆನ್ನಾಗಿತ್ತು ಮೊಗ," ಅಂದಳು ಅವಳು. "ಆದ್ರೆ ಮೊದ್ಲು ಬಂದಿದ್ದು ನಂಗೆ ಇದ್ಕಿಂತ ರುಚಿಯಾಗಿತ್ತು ಕನಾ. ನಮ್ಮೋರು ಅಂತ ನೀನ್ ಕೂಗಿ ಕೊಡ್ಸಿದ್ದು ಅಂದ್ಕಂಡು ಉಂಡಿದ್ದೆ."

ಗುರುಮಲ್ಲನಿಗೆ ದುಃಖ ತಡೆಯಲಾಗಲಿಲ್ಲ. ಬಾಗಿಲಲ್ಲಿ, ಎಲ್ಲರ ಎದುರಿಗೇ ಅತ್ತ. ಅತ್ತೆ ಸೆರಗಿನಿಂದ ಅವನ ಮುಖ ಒರೆಸಿ, ಹೆಂಗಸರನ್ನು ಕರೆದುಕೊಂಡು ಬಸ್ಸಿಗೆ ಹೋದಳು.

ಮೇಸ್ತ್ರಿ ಕೆಲಸ ಬೇರೆಯವನ ಪಾಲಾಯಿತು. ಗುರುಮಲ್ಲನನ್ನು ಮಾತ್ರ ಪದ್ಮನಾಭಯ್ಯ ತೆಗೆಯಲಿಲ್ಲ. ತೆಗೆದರೆ ಊರೆಲ್ಲ ಮಾತಾಡುತ್ತದೆ ಅನ್ನುವ ಭಯ ಅವರಿಗೆ. ಆದರೂ ಊರು ಮಾತಾಡದೆ ಬಿಡಲಿಲ್ಲ. ಮರುದಿನದಿಂದ ಹೋಟೆಲಿಗೆ ಬಂದವರೆಲ್ಲ ತಿಂಡಿ ಹೇಳುವ ಮೊದಲು, "ನನಗೇನು ಹೆಸರಿಟ್ಟಿದೀರಪ್ಪ?" ಅಂತ ಕೇಳತೊಡಗಿದರು. ಪೇಟೆಯವರೂ ಕೇಳಿದರು, ಹಳ್ಳಿಯವರೂ ಕೇಳಿದರು. ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಪದ್ಮನಾಭಯ್ಯ ಎರಡನೇ ಹಂಡೆಯನ್ನು ಎತ್ತಿಸಿ ಅಟ್ಟಕ್ಕೆ ಹಾಕಿಸಿದರು. ಈಗ ಅಲ್ಲಿ ಎಲ್ಲರಿಗೂ ಒಂದೇ ಸಾಂಬಾರು, ಎಲ್ಲರಿಗೂ ಮೊದಲ ಡಿಕಾಕ್ಷನ್ನಿನ ಕಾಫಿ. ಗುರುಮಲ್ಲ ಹಿಂದಿನ ಹಾಲಿನಲ್ಲಿ ಇವತ್ತಿಗೂ ಸಪ್ಲೈಯರು. ಯಾರೇ ಬಂದರೂ ಮೊದಲು ಮುಖ ನೋಡುತ್ತಾನೆ, ಆಮೇಲೆ ಕೂಗುತ್ತಾನೆ.

ನೀತಿ: ಎದುರಿಗೆ ನಿಂತು ಅರ್ಥ ಹೇಳಲು ಆಗದ ಹೆಸರನ್ನು ಯಾರಿಗೂ ಇಡಬೇಡಿ. ಪೇಟೆಯವರು ಹಳ್ಳಿಯವರಿಗೆ ಇಟ್ಟರೂ ತಪ್ಪೇ, ಹಳ್ಳಿಯವರು ಪೇಟೆಯವರಿಗೆ ಇಟ್ಟರೂ ತಪ್ಪೇ. ನಗುವುದಕ್ಕೆ ಇಟ್ಟ ಹೆಸರು ನಾಲಿಗೆಯ ಮೇಲಷ್ಟೇ ಉಳಿಯುವುದಿಲ್ಲ. ಅದು ಬಡಿಸುವ ಕೈಗೂ ಇಳಿಯುತ್ತದೆ, ಒಂದಲ್ಲ ಒಂದು ದಿನ ನಮ್ಮವರ ತಟ್ಟೆಗೇ ಬೀಳುತ್ತದೆ.